ಮಾವ ಟಬ್ಬಿಗೆ ಲೋಡು ಹಾಕಿದ ಕತೆ

ನನ್ನನ್ನು ಸೊಸೆಯಾಗಿ ಮನೆ ತುಂಬಿಸಿಕೊಂಡ ದಿನ ನಮ್ಮ ಮಾವನವರು ನನ್ನ ಸೂಟ್‌ಕೇಸನ್ನು ಒಂದು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಕಿವಿಗೊಟ್ಟು ಏನೋ ಕೇಳಿಸಿಕೊಳ್ಳುವವರ ಹಾಗೆ ನಿಂತು, "ಇಪ್ಪತ್ತೆರಡೂವರೆ ಕಿಲೋ. ಅರ್ಧಕ್ಕರ್ಧ ಪುಸ್ತಕ. ಓದಿದ ಹುಡುಗಿ" ಅಂದಿದ್ದರು. ಎಲ್ಲರೂ ನಕ್ಕರು. ತೂಕ ಸರಿಯಾಗಿತ್ತು, ಪುಸ್ತಕ ಮಾತ್ರ ತಪ್ಪು. ಅದರಲ್ಲಿದ್ದದ್ದು ಜ್ವರದ ಮಾತ್ರೆ, ಹೊಟ್ಟೆನೋವಿನ ಮಾತ್ರೆ, ಎರಡು ಥರ್ಮಾಮೀಟರು (ಒಂದು ಕೆಟ್ಟರೆ ಇನ್ನೊಂದಿರಲಿ ಅಂತ), ಬ್ಯಾಂಡೇಜು, ಟಾರ್ಚು, ಟಾರ್ಚಿಗೆ ಸೆಲ್ಲು. ನಾನು ಹುಟ್ಟಿದ್ದೇ ಹೀಗೆ. ಬಸ್ಸು ಬರುವ ಮೊದಲೇ ಬಸ್ಸು ತಪ್ಪಿಹೋದರೆ ಅಂತ ಅಳುತ್ತಿದ್ದ ಹುಡುಗಿ ನಾನು.

ಮಾವ ಬಾಳಿನುದ್ದಕ್ಕೂ ಮಾಡಿದ ಕೆಲಸ ತೂಗುವುದು. ಕಾಯಿಪಲ್ಲೆ ತೂಗುವುದಲ್ಲ, ಲಾರಿ ತೂಗುವುದು. ಜಲ್ಲಿಕಲ್ಲಿನ ಯಾರ್ಡಿನ ಗೇಟಿನ ಬಳಿ ನೆಲದಲ್ಲಿ ಹುದುಗಿಸಿದ ಕಬ್ಬಿಣದ ದೊಡ್ಡ ಹಲಗೆ ಇರುತ್ತದಲ್ಲ, ಇಡೀ ಲಾರಿಯೇ ಹತ್ತಿ ನಿಲ್ಲುವ ತಕ್ಕಡಿ, ಅದರ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಅವರ ತಲೆಗೂದಲು ಬೆಳ್ಳಗಾಯಿತು. ಲಾರಿ ಖಾಲಿ ಬಂದಾಗ ಒಂದು ತೂಕ, ಜಲ್ಲಿ ತುಂಬಿಕೊಂಡು ಹೊರಡುವಾಗ ಇನ್ನೊಂದು ತೂಕ. ಎರಡರ ನಡುವಿನ ವ್ಯತ್ಯಾಸವೇ ಸರಕು. ಡ್ರೈವರುಗಳು ಅವರನ್ನು ಕರೆಯುತ್ತಿದ್ದದ್ದು ತಕ್ಕಡಿಯಣ್ಣ ಅಂತ.

ತಕ್ಕಡಿಯಣ್ಣನಿಗೆ ಮೋಸ ಮಾಡುವುದು ಸುಲಭವಿರಲಿಲ್ಲ. ಖಾಲಿ ಲಾರಿಯ ತೂಕ ಜಾಸ್ತಿ ತೋರಿಸಿದರೆ ಸರಕಿನ ಲೆಕ್ಕ ಕಮ್ಮಿಯಾಗುತ್ತದೆ ಅಂತ ಕೆಲವರು ಒಳಗೆ ಏನಾದರೂ ಬಚ್ಚಿಟ್ಟುಕೊಂಡು ಬರುತ್ತಿದ್ದರಂತೆ. ಮಾವ ಮುಳ್ಳು ನೋಡುವ ಮೊದಲು ಹೊರಗೆ ಬಂದು ಲಾರಿಯ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿಗೆ ಬೆರಳು ತೂರಿಸುತ್ತಿದ್ದರು. ಖಾಲಿ ಲಾರಿ ಎಷ್ಟು ಎದ್ದು ನಿಲ್ಲಬೇಕು, ತುಂಬಿದ ಲಾರಿ ಎಷ್ಟು ತಗ್ಗಬೇಕು ಅನ್ನುವುದು ಅವರ ಬೆರಳಿಗೆ ಬಾಯಿಪಾಠ. ಒಂದು ಸಲ ಒಬ್ಬ ಡ್ರೈವರು ತನ್ನ ಇಬ್ಬರು ಭಾವಮೈದುನರನ್ನು ತಾಡಪಾಲಿನ ಕೆಳಗೆ ಮಲಗಿಸಿಕೊಂಡು ಬಂದನಂತೆ. ಮಾವ ಸಂದಿಗೆ ಬೆರಳಿಟ್ಟರು, ತಲೆ ತೂಗಿದರು, ಆಮೇಲೆ ಗಟ್ಟಿಯಾಗಿ, "ಚಾ ಬಂತಪ್ಪಾ, ಯಾರ್ಯಾರಿಗೆ ಬೇಕು?" ಅಂದರು. ತಾಡಪಾಲಿನ ಒಳಗಿನಿಂದ ಒಂದು ದನಿ ಬಂತು: "ನಂಗೆ ಸಕ್ಕರೆ ಕಮ್ಮಿ."

ಈ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರೇ ಬಲ್ಲ. ಪ್ರತಿ ಸಲವೂ ಭಾವಮೈದುನರ ತೂಕ ಸ್ವಲ್ಪ ಹೆಚ್ಚಾಗುತ್ತದೆ.

ನಮ್ಮ ಮಗಳು ಹುಟ್ಟಿದಾಗಲೂ ಅಷ್ಟೆ. ನರ್ಸು ಮಗುವನ್ನು ಯಂತ್ರದ ಮೇಲಿಟ್ಟು ತೂಕ ಓದಿದರೆ ಇವರು ಪಕ್ಕದಿಂದ ಇಣುಕಿ, "ಸಿಸ್ಟರ್, ಮಗೂ ಕೆಳಗಿನ ಟವೆಲ್ಲು ಯಾರ ಲೆಕ್ಕ? ಮೊದ್ಲು ಖಾಲಿ ಟವೆಲ್ ತೂಗಿ, ಅದನ್ನ ಕಳೀರಿ" ಅಂದರು. ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ, "ಟವೆಲ್ ಕಳೆದ್ರೆ ಮಗು ತೂಕ ಕಮ್ಮಿ ಆಗಲ್ವಾ? ಕಮ್ಮಿ ಆದ್ರೆ ಏನಾದ್ರೂ ತೊಂದ್ರೆನಾ?" ಅಂತ ಶುರು ಮಾಡಿದೆ. ಇಂಥ ಮನೆ ನಮ್ಮದು ಅಂತ ಸಿಸ್ಟರಿಗೆ ಆಗಲೇ ಅರ್ಥವಾಗಿರಬೇಕು.

ಆಮೇಲೆ ಯಾರ್ಡಿನಲ್ಲಿ ಕ್ಯಾಮೆರಾ ಬಂತು, ತಾನೇ ತೂಗಿ ತಾನೇ ಚೀಟಿ ಕೊಡುವ ಯಂತ್ರ ಬಂತು, ಮಾವ ಕೆಲಸ ಬಿಟ್ಟು ನಮ್ಮ ಮನೆಗೆ ಬಂದರು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರದೇ ಒಂದು ಕೋಣೆ ಕೊಟ್ಟೆವು, ಕಿಟಕಿಯ ಪಕ್ಕ ಕುರ್ಚಿ ಹಾಕಿದೆವು. ಅವರು ಆ ಕುರ್ಚಿಯಲ್ಲಿ ರೈಲಿಗೆ ಕಾಯುವವರ ಹಾಗೆ ಕೂತಿರುತ್ತಿದ್ದರು. ಬ್ಯಾಗು ಮಂಚದ ಕೆಳಗೆ ಕಟ್ಟಿದ ಹಾಗೇ ಇತ್ತು. "ಬಟ್ಟೆ ತೆಗೆದು ಕಪಾಟಲ್ಲಿ ಇಡ್ಲಾ ಮಾವ?" ಅಂದರೆ, "ಇರ್ಲಮ್ಮ. ಡ್ಯೂಟಿ ಇಲ್ದೋನು ಕ್ಯಾಬಿನ್ನಲ್ಲಿ ಜಾಸ್ತಿ ದಿನ ಕೂರಬಾರದು. ಯಾರ್ಡ್ ಹತ್ರಾನೇ ಒಂದು ರೂಮ್ ನೋಡ್ಕೋತೀನಿ" ಅನ್ನುತ್ತಿದ್ದರು. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು. ದೂರದ್ದು ಹತ್ತಿರದ್ದು ಎರಡನ್ನೂ ಜನರಿಗೆ ತೋರಿಸಿಕೊಡುತ್ತಾರೆ. ಆದರೆ ಸ್ವಂತ ಅಪ್ಪ ದಿನದಿನಕ್ಕೆ ಬಾಡುತ್ತಿರುವುದು ಅವರಿಗೆ ಕಂಡದ್ದು ನಾನು ಹೇಳಿದ ಮೇಲೆ.

ಡ್ಯೂಟಿ ಸಿಕ್ಕಿದ್ದು ಆಕಸ್ಮಿಕವಾಗಿ. ನಮ್ಮ ಮಗಳನ್ನು ನಾವು ಕರೆಯುವುದು ಬುಗುರಿ ಅಂತ. ನಿಂತಲ್ಲಿ ನಿಲ್ಲುವವಳಲ್ಲ. ಅವಳಿಗೆ ಸ್ನಾನ ಮಾಡಿಸುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗುತ್ತಿತ್ತು. ನೀರು ಬಿಸಿಯಾಯಿತೋ, ಆರಿಹೋಯಿತೋ, ಕಿವಿಗೆ ಹೋಯಿತೋ, ಜಾರಿದಳೋ ಅಂತ. ಒಂದು ಸಂಜೆ ನಾನು ಬಚ್ಚಲಲ್ಲಿ ಒದ್ದೆಯಾಗಿ ಅಳುತ್ತಿದ್ದೆ, ಅವಳು ಒದ್ದೆಯಾಗಿ ಕಿರುಚುತ್ತಿದ್ದಳು. ಮಾವ ಬಾಗಿಲಲ್ಲಿ ನಿಂತು, "ಇಬ್ಬರಲ್ಲಿ ಯಾರಿಗಮ್ಮ ಸ್ನಾನ?" ಅಂದರು. ಟಬ್ಬಿನಲ್ಲಿ ಮಗುವಿನ ಸೊಂಟ ಮುಟ್ಟುವಷ್ಟು ನೀರು ಬಿಟ್ಟರು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು, ಅವಳ ಹೆಗಲಿಗೆ ಒಂದು ಕೈ ಇಟ್ಟರು. ಅಷ್ಟೆ. ಅವಳು ನೀರಲ್ಲಿ ಬಡಿದಳು, ಕುಣಿದಳು, ಪ್ಲಾಸ್ಟಿಕ್ ಬಾತುಕೋಳಿಯನ್ನು ಮುಳುಗಿಸಿದಳು. ತಾತ ಆ ಬಾತುಕೋಳಿಗೆ ಖಾಲಿ ತೂಕ, ನೀರು ತುಂಬಿದ ತೂಕ ಎರಡನ್ನೂ ಕೂಗಿ ಹೇಳಿದರು. ಅವತ್ತಿನಿಂದ ಸಂಜೆಯ ಸ್ನಾನ ತಾತನ ಡ್ಯೂಟಿ. ನಾಲ್ಕು ಗಂಟೆಯಿಂದಲೇ ತೋಳು ಮಡಚಿಕೊಂಡು ಸಿದ್ಧವಾಗುತ್ತಿದ್ದರು. ರೂಮಿನ ಮಾತು ನಿಂತಿತ್ತು. ನನಗೂ ಸಂಜೆ ಒಂದು ಲೋಟ ಚಹಾವನ್ನು ಬಿಸಿಯಾಗಿರುವಾಗಲೇ ಕುಡಿಯುವ ಭಾಗ್ಯ ಸಿಕ್ಕಿತ್ತು.

ಈಗ ನಮ್ಮ ಬಚ್ಚಲಿನ ಒಂದು ಸಂದಿಯ ವಿಷಯ ಹೇಳಬೇಕು.

ನಾವು ಬಾಡಿಗೆಗಿರುವುದು ಮಹಡಿಯ ಮೇಲೆ. ಬಚ್ಚಲಿನ ಗೋಡೆಯುದ್ದಕ್ಕೂ ಬಿಳಿ ಫೈಬರ್ ಟಬ್ಬು, ಕೆಳಗೆ ನಾಲ್ಕು ಕಾಲು, ಮುಂದೆ ಒಂದು ಹಲಗೆಯ ಮರೆ. ಅದನ್ನು ಕೂರಿಸಿದವರು ಯಾರೋ, ಕೂರಿಸುವಾಗ ಎತ್ತ ನೋಡುತ್ತಿದ್ದರೋ, ಗೋಡೆ ಮತ್ತು ಟಬ್ಬು ಮಾತು ಬಿಟ್ಟ ಓರಗಿತ್ತಿಯರ ಹಾಗೆ ದೂರ ದೂರ ನಿಂತಿದ್ದವು. ನಲ್ಲಿಯ ಕಡೆ ಒಂದು ಬೆರಳು ಹಿಡಿಸುವಷ್ಟು ಸಂದು. ಆ ತುದಿಗೆ ಹೋಗುವಷ್ಟರಲ್ಲಿ ಅದು ಮೂರು ಬೆರಳು. ಯಾವ ಕಾಲದಲ್ಲೋ ಮೆತ್ತಿದ್ದ ಬಿಳಿ ಪುಡಿ ಅಲ್ಲಲ್ಲಿ ಹಲ್ಲುದುರಿದ ವಸಡಿನ ಹಾಗೆ ಉಳಿದಿತ್ತು. ಒಂದು ಬಾಚಣಿಗೆ, ಸವೆದ ಸೋಪಿನ ಬಿಲ್ಲೆಗಳು, ಬುಗುರಿಯ ಎರಡು ಹೇರ್‌ಕ್ಲಿಪ್ಪು ಅದರೊಳಗೆ ಸೇರಿ ಹೋಗಿದ್ದವು. ನಾನು ಟಾರ್ಚು ಬಿಟ್ಟು ಬಿಟ್ಟು ನೋಡುತ್ತಿದ್ದೆ. ಜಿರಲೆ ಬಂದರೆ? ಒಳಗೆ ಬೂಷ್ಟು ಕಟ್ಟಿ ಅದರ ಗಾಳಿ ಮಗುವಿನ ಎದೆಗೆ ಇಳಿದರೆ? ಅವಳ ಬೆರಳು ಸಿಕ್ಕಿಕೊಂಡರೆ? ಇಷ್ಟೆಲ್ಲ ಯೋಚಿಸಿದವಳಿಗೆ ನಿಜವಾಗಿ ಆಗಲಿದ್ದದ್ದು ಮಾತ್ರ ಹೊಳೆಯಲೇ ಇಲ್ಲ. ಬುಗುರಿ ಬಡಿದ ನೀರೆಲ್ಲ ಗೋಡೆಯಿಂದ ಜಾರಿ, ಆ ಸಂದಿಯಲ್ಲಿ ಇಳಿದು, ಕೆಳಗಿನ ಮನೆಗೆ ಹೋಗುತ್ತಿತ್ತು.

ಕೆಳಗಿನ ಮನೆಯಲ್ಲಿ ಇರುವವರು ಮನೆ ಓನರೇ. ಟೈಲರ್ ಆಂಟಿ ಅಂತ ಬೀದಿಗೆಲ್ಲ ಗೊತ್ತು. ನಮ್ಮ ಬಚ್ಚಲಿನ ಸರಿ ಕೆಳಗೆ ಅವರ ಹೊಲಿಗೆ ಕೋಣೆ. ಒಂದು ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿ ಬಂದರು. ಕುತ್ತಿಗೆಗೆ ಟೇಪು, ತುಟಿಗಳ ನಡುವೆ ಗುಂಡುಪಿನ್ನು, ಕೈಯಲ್ಲಿ ಬಿಳಿ ಸ್ಯಾಟಿನ್ ಬಟ್ಟೆ. ಬಟ್ಟೆಯ ನಟ್ಟನಡುವೆ ಊಟದ ತಟ್ಟೆಯಷ್ಟು ಅಗಲದ ಹಳದಿ ಕಲೆ.

ಪಿನ್ನು ತೆಗೆದು ಮಾತಾಡಿದರು. "ಇದು ಮದುವೆ ಹುಡುಗೀದು ಕಣಮ್ಮ. ಈಗ ಅವಳಿಗೆ ಏನಂತ ಹೇಳ್ಲಿ? ಮೇಲ್ಗಡೆ ಮಗು ಸ್ನಾನ ಮಾಡ್ತು, ನೀನು ಹಳದಿ ಗೌನ್ ಹಾಕ್ಕೋ ಅಂತ್ಲಾ?"

"ಆಂಟಿ, ಸಾರಿ ಆಂಟಿ, ನಿಮ್ಮ ಮಷೀನಿಗೆ ಕರೆಂಟ್ ಇದೆಯಲ್ವಾ, ನೀರು ಬಿದ್ರೆ ಶಾಕ್ ಹೊಡೆಯಲ್ವಾ, ನೀವು ಹುಷಾರಾಗಿದೀರಾ?"

"ಹುಷಾರಾಗಿದ್ದಕ್ಕೇ ಮೆಟ್ಲು ಹತ್ತಿ ಬಂದೆ. ನೋಡಮ್ಮ, ಬಟ್ಟೆ ಬೇರೆ ತರಿಸ್ತೀನಿ, ಅದು ಹೋಗ್ಲಿ. ಆದ್ರೆ ಭಾನುವಾರ ಪ್ಲಂಬರಿಗೆ ಬರೋಕೆ ಹೇಳಿದೀನಿ. ಅಷ್ಟರೊಳಗೆ ನೀರು ನಿಂತ್ರೆ ಸರಿ. ಇಲ್ದಿದ್ರೆ ಆ ಟಬ್ಬು ಕಿತ್ತು ಹಾಕಿಸ್ತೀನಿ. ಬಕೆಟ್ಟಲ್ಲಿ ಸ್ನಾನ ಮಾಡಿ ಯಾರೂ ಸತ್ತಿಲ್ಲ."

ಅವತ್ತು ಸಂಜೆ ಬಕೆಟ್ಟಿನಲ್ಲೇ ಸ್ನಾನ ಮಾಡಿಸಿ ನೋಡಿದೆವು. ಬುಗುರಿ ಸಾಯಲಿಲ್ಲ ನಿಜ, ಆದರೆ ಬೀದಿಯ ಕೊನೆಯ ಮನೆಯವರು ಬಾಲ್ಕನಿಗೆ ಬಂದು ನೋಡಿದರು. ತಾತ ಚೊಂಬು ಹಿಡಿದು ಒಂದು ಕಡೆ, ಅವಳು ಬಾಗಿಲ ಹಿಂದೆ ಇನ್ನೊಂದು ಕಡೆ. ಕೊನೆಗೆ ನಾನೇ ಅವಳನ್ನು ಹಿಡಿದು ನೀರು ಸುರಿದೆ. ಮಾವ ಸುಮ್ಮನೆ ಚೊಂಬು ಕೆಳಗಿಟ್ಟು ಕೋಣೆಗೆ ಹೋದರು. ನಾನು ಟವೆಲ್ಲು ಕೊಡಲು ಹೋದಾಗ ಅವರು ಮಂಚದ ಕೆಳಗಿನ ಬ್ಯಾಗನ್ನು ಎಳೆದು, ಹಿಡಿಕೆ ಹಿಡಿದು, ಸ್ವಲ್ಪ ಎತ್ತಿ, ಮತ್ತೆ ಇಟ್ಟರು. ತೂಕ ಹೇಳಲಿಲ್ಲ. ಮಾವ ಒಂದು ವಸ್ತುವನ್ನು ಎತ್ತಿ ತೂಕ ಹೇಳದೆ ಇದ್ದದ್ದು ನಾನು ಕಂಡದ್ದು ಅದೇ ಮೊದಲು. ಟಬ್ಬು ಹೋದರೆ ಮಾವನೂ ಹೋಗುತ್ತಾರೆ ಅಂತ ನನಗೆ ಖಾತ್ರಿಯಾಯಿತು.

"ಮಾವ, ನಾವೇ ಮುಚ್ಚಿ ನೋಡೋಣ್ವಾ?" ಅಂದೆ.

ಅವರ ಬೆನ್ನು ನೆಟ್ಟಗಾಯಿತು. "ಯಾರ್ಡಲ್ಲಿ ಕ್ಯಾಬಿನ್ ಗಾಜಿಗೆ ಪಟ್ಟಿ ಹಾಕಿದೋನು ಯಾರು ಅಂದ್ಕೊಂಡಿದೀಯಾ?"

"ಯಾರು ಮಾವ?"

"ಬಡಗಿ. ಆದ್ರೆ ಪಕ್ಕದಲ್ಲಿ ನಿಂತು ನೋಡಿದೋನು ನಾನೇ."

ಈ ಅನುಭವದ ಬಲದಿಂದ ಕೆಲಸ ಶುರುವಾಯಿತು. ಮೊದಲು ವೈಟ್ ಸಿಮೆಂಟು. ಕಲಸಿ, ಹಳೆಯ ಚಮಚದಲ್ಲಿ ತುಂಬಿ, ಬೆರಳಲ್ಲಿ ಸವರಿ, ಮಾವ ದೂರ ನಿಂತು ನೋಡಿ ಮೆಚ್ಚಿಕೊಂಡರು. ಮಾರನೇ ದಿನ ಬುಗುರಿ ಟಬ್ಬಿನಲ್ಲಿ ಒಮ್ಮೆ ಕುಣಿದಳು ನೋಡಿ, ಬಿಸ್ಕತ್ತಿನ ಹಾಗೆ ಬಿರುಕು ಬಿಟ್ಟಿತು. ಕೆಳಗಿನಿಂದ ಆಂಟಿ ಗಜಕೋಲಿನಿಂದ ಸೂರಿಗೆ ಕುಟ್ಟಿದರು.

ಆಮೇಲೆ ಸಿಲಿಕಾನ್. ಗನ್ನಿಗೆ ಟ್ಯೂಬು ಸಿಕ್ಕಿಸಿ ಒತ್ತಿದರೆ ಪೇಸ್ಟಿನ ಹಾಗೆ ಬರುತ್ತದಲ್ಲ, ಅದು. ನಲ್ಲಿಯ ಕಡೆಯ ಸಣ್ಣ ಸಂದಿಯಲ್ಲಿ ಚೆನ್ನಾಗಿ ಕೂತಿತು. ಅಗಲ ಸಂದಿಗೆ ಬಂದಾಗ ಮಾವ ಒತ್ತಿದಷ್ಟೂ ಅದು ಒಳಗೆ ಹೋಗುತ್ತಿತ್ತು. ಒಂದು ಟ್ಯೂಬು ಮುಗಿಯಿತು, ಇನ್ನೊಂದು ಮುಗಿಯಿತು.

"ಇದೇನು ಟಬ್ಬೋ, ಬಕಾಸುರನೋ?" ಅಂದರು ಮಾವ.

"ನಿಲ್ಸಿ ಅಪ್ಪ. ಕೆಳಗಡೆ ಆಂಟಿ ಮೇಲೆ ಬೀಳ್ತಾ ಇರಬಹುದು" ಅಂದರು ನನ್ನ ಗಂಡ.

ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದಾಗ ಅವರು ಬೂದು ಬಣ್ಣದ, ಸ್ಪಂಜಿನಂಥ ಹಗುರ ಹಗ್ಗವನ್ನು ಸುರುಳಿಯಿಂದ ಬಿಚ್ಚಿ ಕೊಟ್ಟರು. ಅಗಲ ಸಂದಿಗೆ ಮೊದಲು ಇದನ್ನು ಒತ್ತಿ ತುರುಕಬೇಕು, ಅದರ ಮೇಲೆ ಸಿಲಿಕಾನ್. ಆಗ ಒಳಗೆ ಬೀಳದೆ ಮೇಲೆಯೇ ನಿಲ್ಲುತ್ತದೆ. ಮಾವ ಹಗ್ಗವನ್ನು ಅಂಗೈಯಲ್ಲಿಟ್ಟು, "ತೂಕಾನೇ ಇಲ್ವಲ್ಲೋ ಇದಕ್ಕೆ!" ಅಂತ ಅನುಮಾನದಿಂದ ನೋಡಿದರು. ತೂಕವಿಲ್ಲದ ವಸ್ತುವಿನ ಮೇಲೆ ಅವರಿಗೆ ನಂಬಿಕೆ ಬರುವುದು ಕಷ್ಟ.

ಈ ಸಲ ಸಿದ್ಧತೆ ಜೋರಾಗಿತ್ತು. "ಮೊದ್ಲು ಖಾಲಿ ಮಾಡ್ಬೇಕು. ಯಾವ್ದೇ ಕೆಲಸ ಆಗ್ಲಿ, ಖಾಲಿಯಿಂದ ಶುರು" ಅಂದರು. ಟಬ್ಬನ್ನು ಒಂದು ತೊಟ್ಟು ನೀರಿಲ್ಲದ ಹಾಗೆ ಒರೆಸಿದರು. ಬಾತುಕೋಳಿಗೂ ಹೊರಗೆ ಜಾಗ ತೋರಿಸಿದರು. ಹಳೆಯ ಸಿಲಿಕಾನನ್ನು ಕೆರೆದು ತೆಗೆದು, ನನ್ನ ಹೇರ್‌ಡ್ರೈಯರಿನಿಂದ ಸಂದಿಯನ್ನು ಒಣಗಿಸಿದರು. ಗೋಡೆಗೊಂದು, ಟಬ್ಬಿನ ಅಂಚಿಗೊಂದು ಟೇಪು ಅಂಟಿಸಿ, ಹಗ್ಗ ತುರುಕಿ, ಸಿಲಿಕಾನ್ ಎಳೆದು, ಸೋಪುನೀರಲ್ಲಿ ಅದ್ದಿದ ಬೆರಳಿನಿಂದ ಒಂದೇ ಉಸಿರಿಗೆ ಆ ತುದಿಯಿಂದ ಈ ತುದಿಗೆ ಸವರಿದರು. ಟೇಪು ಕಿತ್ತಾಗ ನನಗೇ ಆಶ್ಚರ್ಯವಾಯಿತು. ಗೋಡೆಗೂ ಟಬ್ಬಿಗೂ ಎಂದೂ ಜಗಳವೇ ಆಗಿರಲಿಲ್ಲ ಅನ್ನುವ ಹಾಗೆ ಬೆಳ್ಳನೆಯ ಗೆರೆ. ನಾನು ಫೋಟೋ ತೆಗೆದುಕೊಂಡೆ. ಮಾವ ಗನ್ನನ್ನು ಹೆಗಲಿಗೇರಿಸಿಕೊಂಡು ಆ ಫೋಟೋದಲ್ಲಿ ನಿಂತಿದ್ದಾರೆ.

ಒಣಗಲು ಒಂದು ಇಡೀ ದಿನ ಬಿಟ್ಟೆವು. ಶುಕ್ರವಾರ ಸಂಜೆ ಬುಗುರಿಗೆ ಟಬ್ಬು ಸ್ನಾನ. ಅವಳ ನಗು ಶುರುವಾದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗಜಕೋಲಿನ ಸದ್ದು ಶುರುವಾಯಿತು.

ಮಾವ ಸ್ಟೂಲಿನ ಮೇಲೆ ಕಲ್ಲಾದರು.

ಶನಿವಾರ ಬೆಳಿಗ್ಗೆಯಿಂದ ನಾನು ಬಚ್ಚಲಿಗೆ ಹೋಗುವುದು, ಬಗ್ಗಿ ನೋಡುವುದು, ಬರುವುದು, ಮತ್ತೆ ಹೋಗುವುದು. ಚಿಂತೆ ಹತ್ತಿದರೆ ನನ್ನ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಎಷ್ಟು ನೋಡಿದರೂ ಗೆರೆ ಅಚ್ಚುಕಟ್ಟಾಗಿಯೇ ಇತ್ತು, ಎಲ್ಲೂ ಬಿಟ್ಟಿರಲಿಲ್ಲ. ಸಂಜೆ ಮಾವ ಪರೀಕ್ಷೆ ಮಾಡಲು ಟಬ್ಬಿಗೆ ನೀರು ಬಿಟ್ಟು, ಆಂಟಿಯನ್ನೂ ಕರೆದರು. "ಬನ್ನಿ, ನೀವೇ ಕಣ್ಣಾರೆ ನೋಡಿ, ಆಮೇಲೆ ಪ್ಲಂಬರ್ ವಿಚಾರ" ಅಂದರು. ಆಂಟಿ ಟೇಪನ್ನು ಕುತ್ತಿಗೆಯಲ್ಲೇ ಇಟ್ಟುಕೊಂಡು ಬಂದರು. ನಾನು ಬುಗುರಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲಿ ನಿಂತೆ.

ನೀರು ಏರುತ್ತಾ ಬಂತು. ನಾನು ಬಗ್ಗಿ ನೋಡಿದೆ. ಅಗಲ ತುದಿಯಲ್ಲಿ ಗೆರೆ ಟಬ್ಬಿನ ಅಂಚಿನಿಂದ ಬಿಟ್ಟುಕೊಂಡು, ಉಗುರು ತೂರುವಷ್ಟು ಬಾಯಿ ತೆರೆದಿತ್ತು.

"ಮಾವ, ಇದು ಬೆಳಿಗ್ಗೆ ಮುಚ್ಚಿತ್ತು! ನಾನು ಹತ್ತು ಸಲ ನೋಡಿದೀನಿ. ಮಧ್ಯಾಹ್ನಾನೂ ಮುಚ್ಚಿತ್ತು. ನಿನ್ನೆ ರಾತ್ರಿ ಸ್ನಾನ ಮುಗಿದ ಮೇಲೂ ಮುಚ್ಚಿತ್ತು. ಈಗ ನೋಡಿದ್ರೆ ಬಾಯಿ ಬಿಟ್ಟಿದೆ."

"ನೀನು ದಿನಕ್ಕೆ ಹತ್ತು ಸಲ ನೋಡ್ತೀಯಾ?" ಅಂದರು ಆಂಟಿ.

"ಹನ್ನೆರಡು" ಅಂದರು ನನ್ನ ಗಂಡ ಹಿಂದಿನಿಂದ. "ಗ್ಯಾಸು ಬೇರೆ, ಬೀಗ ಬೇರೆ."

ಆಂಟಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ಅಂಚನ್ನು ಬೆರಳಿನಿಂದ ಸವರಿದರು, ಬಟ್ಟೆಯ ಹೊಲಿಗೆ ನೋಡುವವರ ಹಾಗೆ. "ಇದು ಹರಿದಿದ್ದಲ್ಲ ಯಜಮಾನ್ರೇ, ಬಿರಿದಿದ್ದು. ಗಿರಾಕಿ ನಿಂತಿರುವಾಗ ಅಳತೆ ತಗೊಂಡು ಪ್ಯಾಂಟ್ ಹೊಲೀತಾರಲ್ಲ ಹೊಸಬರು, ಹಾಗೆ. ನಿಂತಾಗ ರಾಜ. ಕೂತ ಅಂದ್ರೆ ಹಿಂದ್ಗಡೆ ಟರ್ರ್ ಅಂತ ಬಿಟ್ಕೊಳತ್ತೆ. ನಾನಂತೂ ಕೂರಿಸದೆ ಪಿನ್ನೇ ಹಾಕಲ್ಲ."

ನನ್ನ ಗಂಡ ನಕ್ಕರು. ಮಾವ ನಗಲಿಲ್ಲ. ನೀರನ್ನು ನೋಡಿದರು, ಗೆರೆಯನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮಂಡಿಯೂರಿ ಕೂತು, ಬಿಟ್ಟುಕೊಂಡ ಆ ಸಂದಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಟಬ್ಬಿನ ಬಿರಟೆ ಕಿತ್ತರು. ನೀರು ಗುಳುಗುಳು ಅಂತ ಇಳಿಯತೊಡಗಿತು. ಇಳಿದ ಹಾಗೆಲ್ಲ ಅವರ ಹುಬ್ಬು ಮೇಲೇರಿತು. ಪೂರ್ತಿ ಖಾಲಿಯಾದಾಗ ಉಗುರಿಗೂ ಜಾಗವಿರಲಿಲ್ಲ, ಬಾಯಿ ಮುಚ್ಚಿತ್ತು.

"ತಗ್ಗುತ್ತೆ" ಅಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಲೋಡ್ ಆದ್ರೆ ತಗ್ಗುತ್ತೆ! ಅಯ್ಯೋ ನನ್ನ ಬುದ್ಧಿಗಿಷ್ಟು! ಜೀವಮಾನವೆಲ್ಲ ಟೈರ್ ಸಂದೀಲಿ ಬೆರಳಿಟ್ಟೋನು, ಖಾಲಿ ಲಾರಿಗೆ ಸೀಲ್ ಹಾಕಿದೀನಲ್ಲಮ್ಮಾ!"

ಬುಗುರಿಗೆ ಏನರ್ಥವಾಯಿತೋ, ಚಪ್ಪಾಳೆ ತಟ್ಟಿದಳು.

ಮಾವ ಬಿಡಿಸಿ ಹೇಳಿದರು. ಫೈಬರ್ ಟಬ್ಬು, ಕೆಳಗೆ ಕಾಲು. ನೀರು ತುಂಬಿದರೆ ಅದರ ಭಾರಕ್ಕೆ ಕಣ್ಣಿಗೆ ಕಾಣದಷ್ಟು ಕೆಳಗಿಳಿಯುತ್ತದೆ, ಖಾಲಿಯಾದರೆ ಮತ್ತೆ ಏಳುತ್ತದೆ. ಖಾಲಿಯಿದ್ದಾಗ ಅಂಟಿಸಿದ್ದು, ತುಂಬಿದಾಗ ಎಳೆದುಕೊಂಡು ಬಿಡುತ್ತದೆ. ತುಂಬಿದಾಗಲೇ ಅಂಟಿಸಿದರೆ ಎಳೆತವೇ ಇಲ್ಲ. ಖಾಲಿಯಾದಾಗ ಸ್ವಲ್ಪ ಅಮುಕಿಕೊಳ್ಳುತ್ತದೆ, ಅಷ್ಟೆ. "ಪ್ಯಾಂಟನ್ನ ಕೂರಿಸಿ ಹೊಲೀಬೇಕಿತ್ತು" ಅಂತ ಮುಗಿಸಿದರು.

"ಹೊಲಿಗೆ ಕಲಿಯೋಕೆ ಬನ್ನಿ ಹಾಗಾದ್ರೆ, ಕಾಜಾ ಹಾಕೋಕೆ ಜನ ಬೇಕು" ಅಂದರು ಆಂಟಿ. "ಆದ್ರೆ ಪ್ಲಂಬರ್ ನಾಳೆ ಬರೋದು ಬರ್ತಾನೆ."

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಹಳೆಯ ಗೆರೆಯನ್ನು ಕೆರೆದು ತೆಗೆದಾಗಿತ್ತು. ಹೊಸ ಹಗ್ಗ ತುರುಕಿ, ಟೇಪು ಅಂಟಿಸಿ, ಸಂದಿ ಒಣಗಿದ್ದನ್ನು ನಾನು ಮೂರು ಸಲ ಮುಟ್ಟಿ ನೋಡಿ, ಟಬ್ಬಿಗೆ ನೀರು ಬಿಟ್ಟೆವು. ಗೋಡೆಗೆ ಸಿಡಿಯದ ಹಾಗೆ ನಲ್ಲಿಗೆ ಬಟ್ಟೆ ಕಟ್ಟಿದ್ದೆ. ಅಂಚಿಗೆ ಗೇಣಷ್ಟು ಕಮ್ಮಿ ಇರುವವರೆಗೆ ನೀರು ಬಂತು. ಮಾವನಿಗೆ ಅಷ್ಟು ಲೋಡು ಸಾಲಲಿಲ್ಲ.

"ಮಗು ತೂಕ ಸೇರಿಲ್ಲ. ಮೇಲೆ ಅದು ಕುಣಿಯತ್ತೆ. ಕುಣಿಯೋ ಲೋಡು ಅಂದ್ರೆ ಡಬಲ್" ಅಂದರು. ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿಕೊಂಡು ತಾವೇ ಟಬ್ಬಿನೊಳಗೆ ಇಳಿದು ನಿಂತರು.

"ಮಾವ, ಜಾರೀತು! ನೀರು ತಣ್ಣಗಿದೆ, ನಿಮಗೆ ಶೀತ ಆಗತ್ತೆ. ರೀ, ನಿಮ್ಮಪ್ಪನ ಕೈ ಹಿಡ್ಕೊಳ್ರೀ!"

"ಕೈ ಹಿಡ್ಕೊಂಡ್ರೆ ಗನ್ ಯಾರು ಹಿಡೀತಾರಮ್ಮ? ಸೊಂಟ ಹಿಡ್ಕೊಳ್ಲಿ."

ಹೀಗೆ ಮಾವ ನೀರಲ್ಲಿ, ನನ್ನ ಗಂಡ ಅವರ ಸೊಂಟಕ್ಕೆ ಜೋತುಬಿದ್ದು, ನಾನು ಬಾಗಿಲಿಗೆ ಅಡ್ಡ ನಿಂತು ಕಾಲ ಸಂದಿಯಿಂದ ನುಸುಳುತ್ತಿದ್ದ ಬುಗುರಿಯನ್ನು ತಡೆಯುತ್ತಾ ಇದ್ದಾಗ ಆಂಟಿ ಪ್ಲಂಬರನ್ನು ಕರೆದುಕೊಂಡು ಬಂದರು. ಕೈಯಲ್ಲಿ ಸುತ್ತಿಗೆ ಉಳಿ ಹಿಡಿದಿದ್ದ ಪ್ಲಂಬರು ಮಾವನ ಬೋಳು ಮೊಣಕಾಲನ್ನೂ ಗನ್ನನ್ನೂ ನೋಡಿ, "ಒಳಗೆ ಮನುಷ್ಯರಿದ್ದಾಗ ನಾನು ಕೀಳಲ್ಲ ಮೇಡಂ" ಅಂದ.

ಮಾವ ಉಸಿರು ಬಿಗಿಹಿಡಿದು ಬೆರಳು ಎಳೆಯುತ್ತಿದ್ದರು. ಬೆರಳು ತುದಿ ಮುಟ್ಟಿತು. ಆಮೇಲೆ ತಿರುಗದೆಯೇ ಅಂದರು, "ಆಂಟಿಯವ್ರೇ, ನಾಳೆ ಸಂಜೆ ತನಕ ಟೈಮ್ ಕೊಡಿ. ನಾಳೆನೂ ತೊಟ್ಟಿಕ್ಕಿದ್ರೆ ಟಬ್ಬು ನಾನೇ ಕೀಳ್ತೀನಿ. ಕಿತ್ತು, ಇವರಿಗೆ ತೊಂದ್ರೆ ಇಲ್ದಂಗೆ ನಾನೂ ಹೊರಡ್ತೀನಿ."

ಆಂಟಿ ನನ್ನ ಕಡೆ ನೋಡಿದರು. ನನ್ನ ಕಣ್ಣಲ್ಲಿ ಏನಿತ್ತೋ. "ನಾಳೆ ಸಂಜೆ" ಅಂದರು. "ನಮ್ಮನೇಲಿ ಒಂದು ನಲ್ಲಿ ಸೋರ್ತಿದೆ, ಬಾರಪ್ಪ" ಅಂತ ಪ್ಲಂಬರನ್ನು ಕೆಳಗೆ ಕರೆದೊಯ್ದರು.

ಈಗ ಉಳಿದದ್ದು ನನ್ನ ಪರೀಕ್ಷೆ. ಸಿಲಿಕಾನ್ ಒಣಗುವವರೆಗೂ ಟಬ್ಬು ತುಂಬಿಯೇ ಇರಬೇಕು. ಅಂದರೆ ಮಾರನೇ ದಿನದವರೆಗೆ ಮನೆಯಲ್ಲಿ ತುಂಬಿದ ಟಬ್ಬು ಮತ್ತು ಬುಗುರಿ ಇಬ್ಬರೂ ಇರಬೇಕು. ಯಾವ ತಾಯಿಗಾದರೂ ಎದೆ ನಡುಗುವ ವಿಷಯ ಇದು, ಇನ್ನು ನನಗೆ ಕೇಳಬೇಕೇ. ಬಚ್ಚಲಿಗೆ ಬೀಗ ಹಾಕಿದೆ. ಕೀಲಿಯನ್ನು ದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡೆ. ಬೀಗ ಎಳೆದು ನೋಡಿದೆ. ಬಾಗಿಲಿಗೆ ಕುರ್ಚಿ ಒರಗಿಸಿದೆ. ಕುರ್ಚಿ ಹತ್ತಿದರೆ ಅಂತ ಅದನ್ನು ತೆಗೆದೆ. ಬಟ್ಟೆ ಬದಲಿಸಲು ಕೂಡ ಮಗುವನ್ನು ಗಂಡನ ಕೈಗೆ ಕೊಟ್ಟೇ ಹೋದೆ. ಸ್ನಾನಕ್ಕೆ ಎಲ್ಲರೂ ಕೆಳಗೆ ಆಂಟಿಯ ಮನೆಗೆ ಹೋಗಬೇಕಾಯಿತು. ಆಂಟಿ ಬೇಡವೆನ್ನಲಿಲ್ಲ, ಬುಗುರಿಗೆ ನೂಲಿನ ಖಾಲಿ ಉರುಳೆಗಳನ್ನು ಆಡಲು ಕೊಟ್ಟು, ಅವಳು ಬಕೆಟ್ಟು ಕಂಡು ಕಿರುಚಿದ್ದನ್ನು ಕಿವಿಯಾರೆ ಕೇಳಿದರು. ಬಟ್ಟೆಯ ಚೂರು ಕಿವಿಗೆ ತುರುಕಿಕೊಂಡು, "ಇದು ದಿನಾ ಹಿಂಗೇನಾ?" ಅಂದರು.

"ಟಬ್ಬಲ್ಲಿ ನಗ್ತಾಳೆ ಆಂಟಿ" ಅಂದೆ.

ನಾನು ಬಾಗಿಲ ಬಳಿ ಓಡಾಡುವುದನ್ನು ನೋಡಿ ಮಾವ ತಮ್ಮ ಕುರ್ಚಿಯನ್ನು ಕಿಟಕಿಯಿಂದ ಎತ್ತಿ ತಂದು ಬಚ್ಚಲಿನ ಎದುರು ಹಾಕಿಕೊಂಡು ಕೂತರು. "ಹೋಗಿ ಮಲಗಮ್ಮ. ಗೇಟ್ ಕಾಯೋದು ನಂಗೆ ಹೊಸದಲ್ಲ. ಪಾಸ್ ಇಲ್ದೆ ಒಂದು ಲಾರಿ ಬಿಟ್ಟಿಲ್ಲ." ಅವರನ್ನು ನಂಬಿ ನಾನು ನಿದ್ದೆ ಮಾಡಿದೆ. ಕೀಲಿಯನ್ನು ಮಾತ್ರ ಕುತ್ತಿಗೆಯಿಂದ ತೆಗೆಯಲಿಲ್ಲ.

ಸೋಮವಾರ ಸಂಜೆ ಬಿರಟೆ ಕಿತ್ತು ಟಬ್ಬು ಖಾಲಿ ಮಾಡಿದೆವು. ಗೆರೆ ಸ್ವಲ್ಪ ಉಬ್ಬಿ, ಹೊಟ್ಟೆ ತುಂಬಿದ ಮಗುವಿನ ಕೆನ್ನೆಯ ಹಾಗೆ ಕೂತಿತು. ಆಮೇಲೆ ಬೆಚ್ಚಗಿನ ನೀರು ಬಿಟ್ಟು ಬುಗುರಿಯನ್ನು ಇಳಿಸಿದೆವು. ಕೆಳಗೆ ಆಂಟಿ ತಮ್ಮ ಮಷೀನನ್ನು ಪಕ್ಕಕ್ಕೆ ಎಳೆಸಿ, ಸೂರಿನ ಕೆಳಗೆ ಹೊಸ ಬಿಳಿ ಬಟ್ಟೆಯ ಚೂರು ಹಾಸಿಕೊಂಡು, ಕೈಯಲ್ಲಿ ಗಜಕೋಲು ಹಿಡಿದು ಕೂತಿದ್ದರು. ಒಪ್ಪಂದ ಹೀಗಿತ್ತು: ಒದ್ದೆಯಾದರೆ ದಬದಬ ಕುಟ್ಟುವುದು, ಒಣಗಿದ್ದರೆ ಸ್ನಾನ ಮುಗಿಯುವ ಹೊತ್ತಿಗೆ ಒಂದೇ ಒಂದು ಕುಟ್ಟು.

ಬುಗುರಿ ಹಿಂದೆಂದೂ ಕುಣಿಯದ ಹಾಗೆ ಕುಣಿದಳು. ಗೋಡೆ ತೊಯ್ದಿತು, ನನ್ನ ಗಂಡನ ಕನ್ನಡಕ ತೊಯ್ದಿತು. ತಾತ ಇವತ್ತು ಬಾತುಕೋಳಿಯ ತೂಕ ಕೂಗಲಿಲ್ಲ. ಒಂದು ಕೈ ಮಗುವಿನ ಹೆಗಲ ಮೇಲೆ, ಇನ್ನೊಂದರ ಬೆರಳು ಗೆರೆಯ ಮೇಲೆ. ಎಲ್ಲರ ಕಿವಿಯೂ ನೆಲದ ಕಡೆ. ನೀರು ಆರುತ್ತಾ ಬಂತು. ಕುಟ್ಟಲಿಲ್ಲ. ನಾನು ಟವೆಲ್ಲು ಹಿಡಿದುಕೊಂಡೆ. ಆಗಲೂ ಕುಟ್ಟಲಿಲ್ಲ. ಆಂಟಿ ಎದ್ದು ಹೋದರೇ? ತಲೆತಿರುಗಿ ಬಿದ್ದರೇ? ಬಟ್ಟೆ ನೆನೆದು ಬೇಜಾರಲ್ಲಿ ಕೂತರೇ?

"ಟಕ್."

ಒಂದೇ. ನಾವು ಇನ್ನೂ ಕಾದೆವು. ಎರಡನೆಯದು ಬರಲಿಲ್ಲ. ಬಂದದ್ದು ಆಂಟಿಯ ದನಿ, ಕಿಟಕಿಯಿಂದ: "ಯಜಮಾನ್ರೇ, ಒಣಗಿದೆ ಕಣ್ರೀ! ಇಸ್ತ್ರಿ ಮಾಡಿಟ್ಟಂಗಿದೆ!"

ಮಾವ ಬುಗುರಿಯನ್ನು ಟವೆಲ್ಲಿನ ಸಮೇತ ಎತ್ತಿ, ಕಣ್ಣು ಮುಚ್ಚಿ, ತೂಗಿದರು. "ಹತ್ತೂಮುಕ್ಕಾಲು" ಅಂದರು. ಸ್ವಲ್ಪ ತಡೆದು, "ಟವೆಲ್ ಕಳೆದು" ಅಂತ ಸೇರಿಸಿದರು.

ಅವರ ಬಟ್ಟೆ ಈಗ ಕಪಾಟಿನಲ್ಲಿದೆ. ನಾನು ಕೇಳದೆಯೇ ಜೋಡಿಸಿಟ್ಟೆ, ಅವರು ಕಂಡರೂ ಕಾಣದ ಹಾಗಿದ್ದರು. ಆ ಖಾಲಿ ಬ್ಯಾಗಿನಲ್ಲಿ ಬುಗುರಿ ಕೂತರೆ ಅದನ್ನು ಎಳೆದಾಡುವುದೂ ಅವರ ಡ್ಯೂಟಿಗೆ ಸೇರಿದೆ. ಕುರ್ಚಿ ಮಾತ್ರ ಇನ್ನೂ ಬಚ್ಚಲಿನ ಎದುರೇ ಇದೆ. ಇನ್ನು ಆಂಟಿಯ ಗಜಕೋಲು. ಈಗ ಕುಟ್ಟುವ ಅಗತ್ಯವೇನೂ ಇಲ್ಲ, ಆದರೆ ಬುಗುರಿಗೆ ಅದು ರೂಢಿಯಾಗಿಬಿಟ್ಟಿದೆ. ಕೆಳಗಿನಿಂದ ಆ ಒಂದು ಟಕ್ ಕೇಳುವವರೆಗೂ ಅವಳು ಟಬ್ಬಿನಿಂದ ಏಳುವುದಿಲ್ಲ. ಹೊಲಿಗೆಯ ಭರದಲ್ಲಿ ಆಂಟಿ ಮರೆತ ದಿನ ಬಾತುಕೋಳಿಯಿಂದ ಟಬ್ಬಿನ ತಳಕ್ಕೆ ಅವಳೇ ಕುಟ್ಟುತ್ತಾಳೆ, ಮೇಲಿನಿಂದ ಕೆಳಕ್ಕೆ, ಜವಾಬು ಬರುವವರೆಗೂ. ಅಷ್ಟು ಜೋರಾಗಿ ಕುಟ್ಟಿದರೆ ಟಬ್ಬು ಒಡೆಯುವುದಿಲ್ಲವೇ ಅಂತ ನಾನು ಮಾವನನ್ನು ದಿನಾ ಕೇಳುತ್ತೇನೆ.

"ಒಡೆದ್ರೆ ನೋಡ್ಕೊಳೋಣಮ್ಮ, ಗನ್ನಲ್ಲಿ ಇನ್ನೂ ಅರ್ಧ ಟ್ಯೂಬಿದೆ" ಅನ್ನುತ್ತಾರೆ ಅವರು, ತೋಳು ಮಡಚಿಕೊಳ್ಳುತ್ತಾ.